ಬಯಲ ಕ್ಲಾಸಿನ ಬಾಗು ಗೋಡೆ

“ಲಕ್ಷ್ಮೀ... ಅದೀಯೇನು?”

ಕಿವಿಯ ಬುಡದಲ್ಲೇ ಯಾರೋ ಪಿಸುಗುಟ್ಟಿದರು!

ತನ್ಮಯಿ ಬೆಚ್ಚಿ ತಿರುಗಿದಳು. ಹಿಂದೆ ಯಾರೂ ಇರಲಿಲ್ಲ. ಗಚ್ಚಿನ ಗೋಡೆ, ಅದರ ಬುಡಕ್ಕೆ ಹತ್ತಿದ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಉದುರಿದ ಹುಣಸೆ ಎಲೆ... ಅಷ್ಟೇ.

ಮಟಮಟ ಮಧ್ಯಾಹ್ನ. ಖಾನಾಪುರದ ಅಂಚಿನ ಆ ಶಾಲೆಯ ಮಕ್ಕಳೆಲ್ಲ ಮುಂದಿನ ಅಂಗಳದಲ್ಲಿ ಬಿಸಿಯೂಟಕ್ಕೆ ಕುಳಿತಿದ್ದರು. ಹಿತ್ತಲಿನ ಈ ಬಯಲ ಕ್ಲಾಸಿನಲ್ಲಿ ಇದ್ದವಳು ಅವಳೊಬ್ಬಳೇ. ಇಂಥ ಹೊತ್ತಿನಲ್ಲಿ ಹುಣಸೆ ಮರದ ಕೆಳಗೆ ನಿಲ್ಲಬಾರದು ಎಂದು ಅಜ್ಜಿ ಹೇಳುತ್ತಿದ್ದುದು ಈಗಲೇ ನೆನಪಾಗಬೇಕೇ!

‘ಬಿಸಿಲಿಗೆ ತಲೆ ತಿರುಗಿರಬೇಕು...’ ಎಂದುಕೊಂಡು ಗೋಡೆಗೆ ಕೈ ಊರಿದಳು.

“ನಾನ... ಬಂದೀನಿ.”

ಮತ್ತೆ ಅದೇ ದನಿ! ಗಂಡು ದನಿ. ಅಳುವನ್ನು ನುಂಗಿಕೊಂಡು ಆಡಿದ ಹಾಗಿತ್ತು. ಈ ಸಲ ಸಂಶಯವೇ ಇಲ್ಲ, ಮಾತು ಗೋಡೆಯೊಳಗಿಂದ ಬಂದಿತ್ತು.

“ಅವ್ವಾ!” ತನ್ಮಯಿ ಚೀರಿದಳು.

ಹುಣಸೆಯ ದಪ್ಪ ಬೊಡ್ಡೆಯ ಆಚೆ, ಗೋಡೆಯ ಇನ್ನೊಂದು ತುದಿಯಲ್ಲಿ, ಒಬ್ಬ ಮನುಷ್ಯ ಧಡಕ್ಕನೆ ಎದ್ದು ನಿಂತ. ಎತ್ತರದ ಆಳು. ಕೈಯಲ್ಲಿ ಅಳತೆಯ ಟೇಪು. ಕಣ್ಣು ಕೆಂಪಗೆ ಒದ್ದೆಯಾಗಿತ್ತು.

“ಯಾರ್ರೀ ನೀವು?” ಅವನೇ ಗದರಿದ.

“ಅದನ್ನ ನಾ ಕೇಳಬೇಕ್ರಿ! ಸಾಲಿ ಹಿತ್ತಲದಾಗ ಕದ್ದು ಕುಂತು ಹೆಣ್ಮಕ್ಕಳ ಕಿವ್ಯಾಗ ಪಿಸಿಪಿಸಿ ಅಂತೀರೇನು?”

ಅವನ ಮುಖ ಬಿಳಿಚಿತು. “ಕಿವ್ಯಾಗ? ನಾ ಇಲ್ಲಿದ್ದೆ, ನೀವು ಅಲ್ಲಿದ್ರಿ. ನಾ ಏನೂ ಅಂದಿಲ್ರಿ.”

ಇಬ್ಬರ ನಡುವೆ ಒಂದು ಬಸ್ಸು ನಿಲ್ಲುವಷ್ಟು ಜಾಗವಿತ್ತು. ಅಷ್ಟು ದೂರದ ಪಿಸುಮಾತು ಯಾರ ಕಿವಿಗೆ ಬಿದ್ದೀತು? ಹಾಗಾದರೆ... ಮಾತಾಡಿದ್ದು ಯಾರು?

“ನಾನು ಮಾರ್ತಾಂಡ. ಬೆಳಗಾವಿ ಯೋಜನಾ ಕಚೇರಿ ಇಂಜಿನಿಯರ್. ನಿಮ್ಮ ಅರ್ಜಿ ಬಂದಿತ್ತಲ್ರಿ, ಜಾಗ ನೋಡಾಕ ಬಂದೀನಿ.”

ತನ್ಮಯಿ ಗಡಬಡಿಸಿ ಕೈ ಮುಗಿದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಆ ಪೂಜಾರಿಗೇ ಅವಳು ಮೊದಲ ಭೇಟಿಯಲ್ಲಿ ಮಂಗಳಾರತಿ ಮಾಡಿಬಿಟ್ಟಿದ್ದಳು.

ವರ ಕೊಡಲು ಒಪ್ಪಿದ ದೇವರು ಬೆಳಗಾವಿ ಹತ್ತಿರದ ಮಚ್ಛೆ ಊರಿನ ಒಬ್ಬ ಕಾರ್ಖಾನೆ ಮಾಲೀಕ. ನಾಲ್ಕನೇ ತರಗತಿಗೆ ಶಾಲೆಯಲ್ಲಿ ಕೋಣೆ ಇಲ್ಲ. ಮಕ್ಕಳು ವರ್ಷವಿಡೀ ಈ ಬಯಲ ಕ್ಲಾಸಿನಲ್ಲೇ ಕೂರಬೇಕು. ಹುಣಸೆ ಮರದ ಸುತ್ತ ಅರ್ಧ ಚಂದ್ರನ ಹಾಗೆ ಬಾಗಿದ ಆಳೆತ್ತರದ ಹಳೆಯ ಗೋಡೆ, ಮೇಲೆ ಬರೀ ಆಕಾಶ. ಮಳೆಗಾಲದಲ್ಲಿ ಅಡುಗೆ ಕೋಣೆಯ ಹೊಗೆಯಲ್ಲಿ ಪಾಠ. ‘ಈ ವರ್ಷ ಮಳೆಗೆ ಮೊದಲು ಚಾವಣಿ ಆಗದಿದ್ದರೆ ನಾಲ್ಕನೇ ತರಗತಿ ಮುಚ್ಚಬೇಕಾಗುತ್ತದೆ’ ಎಂದು ಮೇಲಿನಿಂದ ಹೇಳಿಕಳಿಸಿದ್ದರು. ಮಾಲೀಕರು ಉಕ್ಕಿನ ಶೆಡ್ಡು ಹಾಕಿಸಿಕೊಡುತ್ತೇನೆ ಎಂದರು, ಆದರೆ ಮೊದಲು ಕಟ್ಟಡ ಪರವಾನಗಿ ತನ್ನಿ ಎಂದರು. ಶೆಡ್ಡು ಚೌಕ. ಗೋಡೆ ಬಾಗು. ಹಾಗಾಗಿ ನಕ್ಷೆಯಲ್ಲಿ ಗೋಡೆಯನ್ನು ಕೆಡವುವುದು ಎಂದು ಕೆಂಪು ಗೆರೆ ಎಳೆದಿದ್ದರು.

ಮಾರ್ತಾಂಡ ನಕ್ಷೆ ಬಿಡಿಸಿ ಆ ಕೆಂಪು ಗೆರೆಯ ಮೇಲೆ ಬೆರಳಾಡಿಸಿದ.

“ಈ ಗ್ವಾಡಿ... ಒಡೀಲೇಬೇಕೇನ್ರಿ?”

“ಹುಡುಗೂರ ತಲಿ ಮ್ಯಾಲೆ ಚಾವಣಿ ಬೇಕಂದ್ರ ಒಡೀಬೇಕಲ್ರಿ ಸಾಹೇಬ್ರ.”

ಅವನು ಟೇಪು ಸುತ್ತಿಕೊಂಡು ಹೊರಟುಹೋದ.

ಮರುದಿನ ಹಾಜರಿ ಹೇಳುವಾಗ ತನ್ಮಯಿಯ ಕಣ್ಣು ಗೋಡೆಯ ಮೇಲೆಯೇ ಇತ್ತು. ಈ ಶಾಲೆಯ ಮಕ್ಕಳು ಹೆಸರು ಕರೆದರೆ ‘ಹಾಜರ್’ ಎನ್ನುವುದಿಲ್ಲ, ‘ಅದೀನ್ರಿ’, ಅಂದರೆ ‘ಇದ್ದೇನೆ’, ಎನ್ನುತ್ತಾರೆ. ಕೊನೆಯ ಹೆಸರು ಮುಗಿದ ಮೇಲೂ ಅವರು ಕೈಕಟ್ಟಿ ಕಾದರು.

“ಅಕ್ಕೋರ, ಲಕ್ಷ್ಮೀನ ಕರೀರಿ.”

ಹೋದ ತಿಂಗಳಷ್ಟೇ ಈ ಶಾಲೆಗೆ ಬಂದವಳು ತನ್ಮಯಿ. ಕೊನೆಗೊಂದು ಹೆಸರು ಕೂಗುವುದು ಇಲ್ಲಿನ ಪದ್ಧತಿ ಎಂದು ಮೊದಲ ದಿನವೇ ಹೇಳಿದ್ದರು; ಮಕ್ಕಳ ಆಟವಿರಬೇಕೆಂದು ಅವಳೂ ಕೂಗಿಬಿಡುತ್ತಿದ್ದಳು. ಆದರೆ ನಿನ್ನೆ ಗೋಡೆಯೊಳಗಿನ ದನಿ ಕರೆದದ್ದೂ ಇದೇ ಹೆಸರನ್ನಲ್ಲವೇ?

“ಲ... ಲಕ್ಷ್ಮೀ.”

“ಅದಾಳ್ರೀ!” ಎಲ್ಲ ಮಕ್ಕಳೂ ಒಟ್ಟಿಗೆ ಕೂಗಿ, ಗೋಡೆಯ ಎಡ ತುದಿಯತ್ತ ತಿರುಗಿ ನೋಡಿದರು. ಅಲ್ಲಿ ಕಟ್ಟೆಯ ಮೇಲೆ ಒಂದು ಮಗು ಕೂರುವಷ್ಟು ಜಾಗ ಖಾಲಿಯಿತ್ತು. ಎಷ್ಟೇ ಇರುಕಾದರೂ ಅಲ್ಲಿ ಯಾರೂ ಕೂರುತ್ತಿರಲಿಲ್ಲ. ನಿನ್ನೆ ಅವಳು ಕೈ ಊರಿ ನಿಂತದ್ದು ಅದೇ ಜಾಗದಲ್ಲಿ!

ಊಟದ ಹೊತ್ತಿಗೆ ಮುಖ್ಯ ಶಿಕ್ಷಕಿ ದಿಲಶಾದ ಬಾಯಿಯವರನ್ನು ಹಿಡಿದಳು. “ಬಾಯಾರ, ಯಾರ್ರಿ ಈ ಲಕ್ಷ್ಮೀ?”

“ಅಲ್ಲಾಗ ಗೊತ್ತು ಬೇಟಾ. ನಾ ಬರೂಕಿಂತ ಮೊದಲಿಂದ ಕರಕೋತ ಬಂದಾರ. ಒಂದು ದಿನ ಬಿಟ್ಟು ನೋಡಿದೆ...”

“ಏನಾತ್ರಿ?”

ದಿಲಶಾದ ಬಾಯಿ ಸೆರಗು ಸರಿಮಾಡಿಕೊಂಡರು. “ಏನೂ ಆಗಲಿಲ್ಲ. ಆದ್ರ ಇಡೀ ದಿನ ಯಾರೋ ಮೂಲಿಯೊಳಗ ಕುಂತು ಅಳೂವಂಗ ಆತು. ಮತ್ತ ಬಿಡಲಿಲ್ಲವ್ವಾ.”

ಅಡುಗೆಯ ನಿಂಗವ್ವ ಸಾರಿನ ಸವಟನ್ನು ಎತ್ತಿ ಹಿಡಿದೇ ಕೇಳುತ್ತಿದ್ದಳು. “ಅದಕ್ಕ ನಾ ಹನ್ನೆರಡು ಹೊಡದ ಮ್ಯಾಲೆ ಹಿತ್ತಲಕ ಹೋಗೂದಿಲ್ರಿ,” ಎಂದಳು.

ಮಾರ್ತಾಂಡ ಮತ್ತೆ ಬಂದ. ಆಮೇಲೆ ಮತ್ತೆ ಬಂದ. ಒಮ್ಮೆ ಮರದ ಅಳತೆ, ಒಮ್ಮೆ ನೆಲದ ಇಳಿಜಾರು... ಪ್ರತಿ ಸಲ ಒಂದು ನೆವ, ಪ್ರತಿ ಸಲ ಅದೇ ಮಟಮಟ ಮಧ್ಯಾಹ್ನ. ಬಂದವನು ಮಕ್ಕಳ ಸಾಲಿನಲ್ಲಿ ನೆಲಕ್ಕೆ ಕುಳಿತು ನಿಂಗವ್ವನ ಅನ್ನ ಸಾರು ಉಣ್ಣುತ್ತಿದ್ದ. ಅಲುಗಾಡುತ್ತಿದ್ದ ಕರಿ ಹಲಗೆಯ ಕಾಲಿಗೆ ತಾನೇ ಮೊಳೆ ಹೊಡೆದ. ಮಾತು ಕಡಿಮೆ, ನೋಟ ಮಾತ್ರ ಆಳ.

ಒಂದು ಸಂಜೆ ಬೆಳಗಾವಿಯ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಅವನು ಕಿಟಕಿಯ ಬದಿ ಅವಳಿಗೆ ಬಿಟ್ಟುಕೊಟ್ಟ.

“ನೀವು ಯಾಕ ಇಷ್ಟ ದೂರ ಬರತೀರಿ? ನಿಮ್ಮ ಮನಿ ಇರೂ ಶಹಾಪುರದಾಗ ಸಾಲಿ ಇದ್ದಿಲ್ಲೇನ್ರಿ?”

“ಇದ್ದೂರಿ. ಆದ್ರ ಅಲ್ಲಿ ಹುಡುಗೂರು ನನ್ನ ದಾರಿ ಕಾಯೂದಿಲ್ಲಲ್ರಿ. ಇಲ್ಲಿ ಬಸ್ ಸ್ಟಾಪಿಗೇ ಬಂದು ನಿಂತಿರತಾವ.”

ಅವನು ನಕ್ಕ. ಮೊದಲ ಸಲ ನಕ್ಕ! ಆ ನಗುವಿನ ಹಿಂದೆಯೇ ಒಂದು ನೆರಳೂ ಬಂತು.

“ದಾರಿ ಕಾಯೂದು ಬಾಳ ಕೆಟ್ಟದ್ದು ಅಕ್ಕೋರ. ಸಣ್ಣ ಹುಡುಗೂರಿಗಂತೂ...” ಎಂದು ಮಾತು ನಿಲ್ಲಿಸಿ ಹೊರಗೆ ನೋಡತೊಡಗಿದ.

ಆ ರಾತ್ರಿ ತನ್ಮಯಿಗೆ ನಿದ್ದೆ ಹತ್ತಲಿಲ್ಲ. ‘ಏನಾಯಿತು ನನಗೆ? ಪರವಾನಗಿಗೆ ಕಾಯುತ್ತಿದ್ದೇನೋ, ಪರವಾನಗಿ ಕೊಡುವವನಿಗೆ ಕಾಯುತ್ತಿದ್ದೇನೋ?’ ಉತ್ತರ ಗೊತ್ತಿತ್ತು. ಒಪ್ಪಿಕೊಳ್ಳಲು ನಾಚಿಕೆ, ಅಷ್ಟೇ.

ಪರವಾನಗಿ ಮಾತ್ರ ಬರಲಿಲ್ಲ. ಶಾಲೆಗೆ ರಜೆ ಬಿತ್ತು. ಬಿಸಿಲು ಏರಿತು. ಕೇಳಿದಾಗಲೆಲ್ಲ ಒಂದೇ ಮಾತು: “ಗ್ವಾಡಿ ಮುಟ್ಟಬ್ಯಾಡ್ರಿ. ಬ್ಯಾರೆ ಏನರ ದಾರಿ ಹುಡುಕೂಣು.”

“ಯಾವ ರೂಲಿನ್ಯಾಗ ಐತ್ರಿ ಮುಟ್ಟಬಾರದಂತ?”

“ರೂಲಿನ್ಯಾಗ ಇಲ್ರಿ.”

“ಮತ್ತ?”

ಅವನು ಗೋಡೆಯತ್ತ ತಿರುಗಿ ನಿಂತ.

ರಜೆಯ ಒಂದು ದಿನ. ಶಾಲೆಯ ಗಿಡಗಳಿಗೆ ನೀರು ಹಾಕಿಸಲು ಬಂದಿದ್ದ ತನ್ಮಯಿ ಹಿತ್ತಲಿಗೆ ಹೋದಳು. ಗಾಳಿ ಇರಲಿಲ್ಲ. ಹುಣಸೆಯ ಒಂದು ಎಲೆಯೂ ಅಲುಗುತ್ತಿರಲಿಲ್ಲ. ದೂರದ ಜಾಂಬೋಟಿ ರಸ್ತೆಯ ಲಾರಿಗಳ ಸದ್ದು ಕೂಡ ಯಾರೋ ಒತ್ತಿ ಹಿಡಿದಂತೆ ನಿಂತುಹೋಗಿತ್ತು. ಅವಳು ಬಲ ತುದಿಯ ಕಟ್ಟೆಯ ಮೇಲೆ, ಮಾರ್ತಾಂಡ ಯಾವಾಗಲೂ ಕೂರುವ ಜಾಗದಲ್ಲಿ, ಸುಮ್ಮನೆ ಕುಳಿತಳು.

“ಹದಿನೇಳೊಂದ್ಲೆ ಹದಿನೇಳು...”

ಮಗುವಿನ ದನಿ!

“ಹದಿನೇಳೆರಡ್ಲೆ ಮೂವತ್ನಾಲ್ಕು...”

ತನ್ಮಯಿ ಸುತ್ತ ನೋಡಿದಳು. ಹಿತ್ತಲಲ್ಲಿ ನರಪಿಳ್ಳೆಯೂ ಇರಲಿಲ್ಲ. ಗೋಡೆಯ ಮೇಲೆ ಉಸಿರು ಹರಿದು ಬರುತ್ತಿತ್ತು. ಪುಟ್ಟ ಹುಡುಗಿಯೊಬ್ಬಳು ಮಾಸ್ತರರಿಗೆ ಕೇಳಿಸಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದು ಹೇಳುವ ಹಾಗೆ.

“ಹದಿನೇಳೈದ್ಲೆ ಎಂಬತ್ತೈದು... ಹದಿನೇಳಾರ್ಲೆ...”

ದನಿ ನಿಂತಿತು. ಮುಗಿದದ್ದಲ್ಲ, ನಿಂತದ್ದು. ಯಾರೋ ಮುಂದಿನದನ್ನು ಹೇಳಲಿ ಎಂದು ಕಾಯುತ್ತಿತ್ತು.

ತನ್ಮಯಿ ಗೇಟಿನವರೆಗೆ ಓಡಿದಳು. ಅಲ್ಲಿಂದಲೇ ಮಾರ್ತಾಂಡನಿಗೆ ಫೋನು ಹಚ್ಚಿದಳು. ಅವನ ಹಿಂದೆ ಕಚೇರಿಯ ಗದ್ದಲ, ಚಹಾದವನ ಕೂಗು ಕೇಳುತ್ತಿತ್ತು.

“ನೀವು... ಎಲ್ಲಿದ್ದೀರಿ?”

“ಆಫೀಸಿನ್ಯಾಗ್ರಿ. ಯಾಕ ಹಿಂಗ ಉಸರ ಬಿಡಾಕತ್ತೀರಿ?”

“ಏನಿಲ್ಲ...”

ಬಹಳ ಮೆಲ್ಲಗೆ ಅವನು ಕೇಳಿದ, “ಗ್ವಾಡ್ಯಾಗ... ಏನರ ಕೇಳಿಸ್ತೇನು?”

ಇವನಿಗೆ ಹೇಗೆ ಗೊತ್ತು? ಅವಳು ಫೋನು ಕತ್ತರಿಸಿದಳು.

ಮರುದಿನ ನೇರ ಬೆಳಗಾವಿಯ ಕಚೇರಿಗೆ ಹೋದಳು. ಮಾರ್ತಾಂಡ ಹೊರಗೆ ಹೋಗಿದ್ದ. ಪಕ್ಕದ ಟೇಬಲ್ಲಿನ ಗೌರವ ಎಂಬ ಗುಮಾಸ್ತ ತಾನಾಗಿಯೇ ಬಾಯಿ ಬಿಟ್ಟ.

“ನಿಮ್ಮದು ಖಾನಾಪುರ ಸಾಲಿ ಅಲ್ರಿ? ಆ ಫೈಲು ಬ್ಯಾರೆಯವರಿಗೆ ಹೋಗಿತ್ತು. ಮಾರ್ತಾಂಡ ಸರ್ ಹಟ ಹಿಡದು ತಾವ ಕೇಳಿ ತಗೊಂಡಾರ. ಉಳಿದ ಸಾಲಿ ಫೈಲು ವಾರದಾಗ ಹೋಗತಾವ, ನಿಮ್ಮದೊಂದ ನಿಂತೈತಿ. ಯಾಕಂತ ದೇವರಿಗೇ ಗೊತ್ತು!”

ತನ್ಮಯಿಯ ತಲೆಯಲ್ಲಿ ಚೂರುಗಳೆಲ್ಲ ಒಂದಾದವು. ಕೇಳಿ ಪಡೆದ ಫೈಲು. ಕಾರಣವಿಲ್ಲದ ಅಡ್ಡಗಾಲು. ಗೋಡೆಯಲ್ಲಿ ಬರುವ ದನಿ... ಅದು ಬರುತ್ತದೆಂದು ಅವನಿಗೆ ಮೊದಲೇ ಗೊತ್ತು!

‘ಅಯ್ಯೋ, ಎಂಥ ಹುಚ್ಚಿ ನಾನು! ಗೋಡೆಯಲ್ಲಿ ಏನೋ ಯಂತ್ರ ಇಟ್ಟು ಹೆದರಿಸುತ್ತಿದ್ದಾನೆ. ಯಾರಿಗೋ ಈ ಜಾಗ ಬೇಕಾಗಿರಬೇಕು. ಮಕ್ಕಳ ಜೊತೆ ಉಂಡದ್ದು, ಮೊಳೆ ಹೊಡೆದದ್ದು, ಬಸ್ಸಿನಲ್ಲಿ ನಕ್ಕದ್ದು... ಎಲ್ಲಾ ನಾಟಕ!’

ಕಣ್ಣೀರು ಒರೆಸಿಕೊಂಡು ಹಿರಿಯ ಅಧಿಕಾರಿ ಅಲಕಾ ಮೇಡಂ ಅವರ ಕೋಣೆಗೆ ನುಗ್ಗಿದಳು. ಎಲ್ಲವನ್ನೂ ಹೇಳಿದಳು. ಹೊರಗೆ ಬಂದಾಗ ಬಾಗಿಲಲ್ಲೇ ಮಾರ್ತಾಂಡ ನಿಂತಿದ್ದ. ಕೇಳಿಸಿಕೊಂಡಿದ್ದ.

“ಒಂದು ಮಾತು ನನ್ನ ಕೇಳಬೇಕಿತ್ರಿ...”

“ಕೇಳಿದ್ದೆ ಸಾಹೇಬ್ರ. ಎಷ್ಟು ಸಲ ಕೇಳಿದ್ದೆ! ನೀವು ಗ್ವಾಡಿಯಂಗ ಸುಮ್ಮ ನಿಂತ್ರಿ.”

ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಫೈಲು ಬೇರೆಯವರ ಕೈಗೆ ಹೋಯಿತು. ಸ್ವಲ್ಪ ದಿನದಲ್ಲೇ ಪರವಾನಗಿ ಬಂತು. ಗೋಡೆ ಕೆಡವಿ ಶೆಡ್ಡು ಹಾಕಬಹುದು! ದಿಲಶಾದ ಬಾಯಿ ಪೇಢೆ ಹಂಚಿದರು. ಗೆದ್ದವಳು ತನ್ಮಯಿಯೇ. ಆದರೆ ತನ್ನ ಪಾಲಿನ ಪೇಢೆಯನ್ನು ಅವಳು ನಿಂಗವ್ವನ ಕೈಗಿಟ್ಟಳು.

ಗೋಡೆ ಒಡೆಯುವ ದಿನ ಗೌಂಡಿ ಭರಮಣ್ಣ ಹಾರೆ ಹೊತ್ತು ಬೆಳಿಗ್ಗೆಯೇ ಬಂದ. ನಡುವಿನಲ್ಲಿ ಒಂದು ಏಟು ಹಾಕಿದ. ಗಚ್ಚಿನ ಒಂದು ಚಕ್ಕೆ ಉದುರಿತು. ಯಾಕೋ ಹಾರೆ ಕೆಳಗಿಟ್ಟು ಕೈ ನೋಡಿಕೊಂಡ.

“ಉಂಡು ಬಂದು ಹಚ್ಚತೀನ್ರಿ ಅಕ್ಕೋರ,” ಎಂದವನೇ ತಿರುಗಿ ನೋಡದೆ ಹೋದ. ಉಣ್ಣುವ ಹೊತ್ತು ಇನ್ನೂ ಆಗಿರಲೇ ಇಲ್ಲ.

ಸೂರ್ಯ ನೆತ್ತಿಗೆ ಬಂದ. ತನ್ಮಯಿ ಎಡ ತುದಿಯಲ್ಲಿ, ಆ ಖಾಲಿ ಜಾಗದ ಪಕ್ಕ ನಿಂತಿದ್ದಳು. ಇಂದಾದರೂ ಆ ಯಂತ್ರ ಸಿಗಬೇಕೆಂದು ಗೋಡೆಯ ಬುಡವನ್ನೆಲ್ಲ ತಡಕಿದ್ದಳು. ಇರುವೆಗಳ ಸಾಲು ಬಿಟ್ಟರೆ ಏನೂ ಸಿಕ್ಕಿರಲಿಲ್ಲ.

“ತನ್ಮಯಿ ಅಕ್ಕೋರ... ಅಂಜಬ್ಯಾಡ್ರಿ. ನಾನ.”

ಕಿವಿಯ ಬುಡದಲ್ಲೇ! ಅವಳು ಬಗ್ಗಿ ಮರದ ಆಚೆ ನೋಡಿದಳು. ಬಲ ತುದಿಯಲ್ಲಿ ಮಾರ್ತಾಂಡ ಗೋಡೆಗೆ ಮುಖ ಮಾಡಿ ಕುಳಿತಿದ್ದ. ಬೆನ್ನು ಮಾತ್ರ ಕಾಣುತ್ತಿತ್ತು.

“ಇದರಾಗ ಯಂತ್ರ ಇಲ್ರಿ. ಗ್ವಾಡಿ ಬಾಗೈತಿ, ಗಚ್ಚು ನುಣುಪೈತಿ. ಈ ತುದಿಯ ಉಸರು ಗ್ವಾಡಿ ಹಿಡಕೊಂಡು ಆ ತುದಿಗೆ ಬರತೈತಿ. ಅವತ್ತ ಮಾತಾಡಿದಾವ ನಾನ. ಸುಳ್ಳು ಹೇಳಿದ್ದೆ. ಎದುರಿಗೆ ಬಂದು ಹೇಳೂ ಧೈರ್ಯ ಇವತ್ತೂ ಇಲ್ಲ. ಗ್ವಾಡಿಗೆ ಹೇಳತೀನಿ, ನೀವು ಕೇಳಿದ್ರ ಕೇಳ್ರಿ.”

ತನ್ಮಯಿ ಮೆಲ್ಲಗೆ ಕಟ್ಟೆಯ ಮೇಲೆ ಕುಳಿತಳು.

“ಲಕ್ಷ್ಮೀ ನನ್ನ ಕೂಡ ಹುಟ್ಟಿದಾಕಿ. ಅವಳಿ. ನಾವಿಬ್ಬರೂ ಇದ ಕ್ಲಾಸಿನ್ಯಾಗ ಕಲತೀವಿ. ಬಾಳ ಮಾತಾಡತೀವಂತ ಮಾಸ್ತರ್ರು ಆಕೀನ ಆ ತುದಿಗೆ, ನನ್ನ ಈ ತುದಿಗೆ ಕುಂಡ್ರಿಸಿದ್ರು. ಈ ಗ್ವಾಡಿ ಗುಟ್ಟು ಹುಡುಕಿದಾಕಿ ಆಕಿ! ನನಗ ಹದಿನೇಳರ ಮಗ್ಗಿ ಬರತಿದ್ದಿಲ್ಲ. ಆಕಿ ಅಲ್ಲಿಂದ ಉಸುರತಿದ್ಲು. ಆದ್ರ ಹದಿನೇಳಾರ್ಲೆ ಅಂದು ಬೇಕಂತ ನಿಂತುಬಿಡತಿದ್ಲು. ಇದೊಂದರ ನೀನ ಹೇಳು ಅಂತ... ಅದ ನನಗ ಬರತಿದ್ದಿಲ್ಲ.”

ಅಲಕಾ ಮೇಡಂ ಮುಂದೆಯೂ ತನ್ಮಯಿ ದನಿ ಬರುತ್ತದೆ ಎಂದಷ್ಟೇ ಹೇಳಿದ್ದಳು; ಮಗ್ಗಿಯ ಮಾತನ್ನು ಯಾರಿಗೂ ಹೇಳಿರಲಿಲ್ಲ.

“ಆ ಮಳಿಗಾಲ ಆಕೀಗ ಜ್ವರ ಬಂತು. ಹೋಗಿಬಿಟ್ಲು. ನಾ ತಿರುಗಿ ಸಾಲಿಗೆ ಬಂದ ದಿನ ಮಾಸ್ತರ್ರು ರೂಢಿ ಮ್ಯಾಲೆ ಲಕ್ಷ್ಮೀ ಅಂತ ಕರದ್ರು. ಕರದು ನಾಲಿಗಿ ಕಚ್ಚಿಕೊಂಡ್ರು. ಆದ್ರ ಗ್ವಾಡ್ಯಾಗಿಂದ ‘ಅದೀನ್ರಿ’ ಅಂತ ಬಂತು. ನನಗೊಬ್ಬಗ ಕೇಳಿಸ್ತು. ಅದಾಳ್ರಿ ಸರ್, ಅದಾಳ್ರಿ ಅಂತ ಒದರಿದೆ. ಅವರು ಬೈಲಿಲ್ಲ. ನನ್ನ ಮಾರಿ ನೋಡಿ ಮರುದಿನಾನೂ ಕರದ್ರು. ಎಲ್ಲಾ ಹುಡುಗೂರು ನನ್ನ ಸಲುವಾಗಿ ಅದಾಳ್ರಿ ಅಂದ್ರು.”

ಇಷ್ಟು ವರ್ಷದ ಪದ್ಧತಿ ಹುಟ್ಟಿದ್ದು ಹೀಗೆ... ಒಬ್ಬ ಹುಡುಗನ ಅಳು ನಿಲ್ಲಿಸಲು! ತನ್ಮಯಿಯ ಕಣ್ಣು ತುಂಬಿತು.

“ಮನ್ಯಾಗ ಅಂಜಿ ನನ್ನ ಬೆಳಗಾವಿಗೆ ಕಳಿಸಿದ್ರು. ಆಕೀಗ ಹೇಳಿ ಹೋಗಲಿಲ್ಲ ನಾ. ದೊಡ್ಡಾವ ಆದ ಮ್ಯಾಲೂ ಬರಾಕ ಧೈರ್ಯ ಆಗಲಿಲ್ಲ. ಆಫೀಸಿನ್ಯಾಗ ನಿಮ್ಮ ನಕ್ಷೆ, ಗ್ವಾಡಿ ಮ್ಯಾಲೆ ಕೆಂಪು ಗೆರಿ ನೋಡಿ ಎದಿ ಒಡದಂಗಾತು. ಫೈಲು ಕೇಳಿ ತಗೊಂಡೆ. ತಪ್ಪು ಮಾಡಿದೆ. ಸತ್ತಾಕಿ ಸಲುವಾಗಿ ಇದ್ದ ಹುಡುಗೂರನ್ನ ಮಳ್ಯಾಗ ಕುಂಡ್ರಸಬಾರದು. ಒಡಸ್ರಿ ಅಕ್ಕೋರ. ಕಡೀ ಸಲ ಕರದು ಹೋಗೂಣಂತ ಬಂದೆ.”

ತನ್ಮಯಿ ಗೋಡೆಗೆ ಕೆನ್ನೆ ಹಚ್ಚಿದಳು. ದನಿ ಉಸಿರಾಗಿ ಹೊರಟಿತು.

“ಆಕಿ ಇನ್ನೂ ಅಲ್ಲೇ ನಿಂತಾಳ್ರಿ.”

“ಏನಂದ್ರಿ?”

“ಹದಿನೇಳಾರ್ಲೆ ಅಂದು ನಿಂತಾಳ. ನಾ ನಿಮಗ ಫೋನ್ ಹಚ್ಚಿದ ದಿನ... ನನ್ನ ಕಿವೀಲೆ ಕೇಳೀನಿ.”

ಆ ತುದಿಯಿಂದ ಒಬ್ಬ ಗಂಡಸು ಬಿಕ್ಕಿಬಿಕ್ಕಿ ಅಳುವ ಸದ್ದು ಗೋಡೆಯುದ್ದಕ್ಕೂ ಹರಿದು ಬಂತು. ಆ ಸದ್ದಿನ ಹಿಂದೆ, ಬಹಳ ಹಿಂದೆ, ಮಗುವೊಂದು ಸಮಾಧಾನ ಮಾಡುವ ಹಾಗೆ ಶ್... ಎಂದಂತಾಯಿತು. ಹುಣಸೆ ಎಲೆಯ ಸದ್ದಿರಬಹುದು. ಆದರೆ ಗಾಳಿ ಇರಲಿಲ್ಲವಲ್ಲ!

ಭರಮಣ್ಣ ವಾಪಸು ಬಂದಾಗ ತನ್ಮಯಿ ಗೋಡೆಗೆ ಬೆನ್ನು ಹಚ್ಚಿ ಎರಡೂ ಕೈ ಚಾಚಿ ನಿಂತಿದ್ದಳು.

“ಬ್ಯಾಡ ಭರಮಣ್ಣ. ಒಡೀಬ್ಯಾಡ್ರಿ.”

“ಪುಣ್ಯಾ ಕಟಗೊಂಡ್ರಿ ನೋಡ್ರಿ!” ಅವನು ಹಾರೆ ಎಸೆದೇಬಿಟ್ಟ. “ಬೆಳಿಗ್ಗೆ ಒಂದು ಏಟು ಹಾಕಿದೆ. ಗ್ವಾಡಿ ಉಸರ ಎಳಕೊಂಡಂಗಾತ್ರಿ. ನನಗ ಊಟಾನೂ ಹೋಗಲಿಲ್ಲ.”

ಮರುದಿನ ಇಬ್ಬರೂ ಒಟ್ಟಿಗೆ ಅಲಕಾ ಮೇಡಂ ಮುಂದೆ ನಿಂತರು. ತನ್ಮಯಿ ತನ್ನ ದೂರನ್ನು ಹಿಂತೆಗೆದುಕೊಂಡಳು. ಮಾರ್ತಾಂಡ ತನ್ನ ಸ್ವಂತ ಸಂಕಟವನ್ನು ಫೈಲಿಗೆ ಸುತ್ತಿದ್ದನ್ನು ಒಪ್ಪಿಕೊಂಡ. ಮೇಡಂ ಚೆನ್ನಾಗಿ ಬೈದರು.

“ಬಾಯಿ ಬಿಟ್ಟು ಹೇಳಿದ್ರ ಒಂದು ದಿನದ ಕೆಲಸ. ಮಿರಗದ ಮಳಿ ಬಾಗಿಲಿಗೆ ಬಂದೈತಿ, ಈಗ ಹೊಸಾ ನಕ್ಷೆ ಅಂತೀರಿ! ಮಾರ್ತಾಂಡ, ಆ ಫೈಲಿಗೆ ನಿನ್ನ ಸಹಿ ಬೀಳೂ ಹಂಗಿಲ್ಲ. ರಜಾ ಹಾಕಿ ನಕ್ಷೆ ಬರದು ಸಾಲಿಗೆ ದಾನ ಕೊಡು. ನೋಡಾಕ ನಾನ ಬರತೀನಿ.”

ನಕ್ಷೆ ಸಿದ್ಧವಾಯಿತು. ಗೋಡೆ ಹಾಗೇ, ಮರ ಹಾಗೇ. ಗೋಡೆಯ ಹೊರಗೆ ಕಂಬ, ಅದರ ಮೇಲೆ ಬಾಗಿದ ಚಾವಣಿ. ಮಚ್ಛೆಯ ಮಾಲೀಕರು ತಲೆಯಾಡಿಸಿದರು: ಉಕ್ಕು ಕೊಡುತ್ತೇನೆ, ಆದರೆ ನಮ್ಮಲ್ಲಿ ಎಲ್ಲಾ ನೆಟ್ಟಗಿನ ಶೆಡ್ಡು, ಇಷ್ಟು ಬಾಗಿಸುವವರು ಯಾರು?

ಮಾರ್ತಾಂಡ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಆಟೋ ನಗರಕ್ಕೆ ಹೋದ. ಅಲ್ಲಿ ಬಸ್ಸಿನ ಬಾಡಿ ಕಟ್ಟುವ ಶಾನವಾಜ ಭಾಯಿ ನಕ್ಷೆ ನೋಡಿ ನಕ್ಕರು. “ಬಸ್ಸಿನ ನೆತ್ತಿ ದಿನಾ ಬಾಗಸ್ತೀವಿ, ಸಾಲಿ ನೆತ್ತಿ ಏನು ಮಹಾ! ಮಕ್ಕಳಿಗೆ ನಮ್ಮ ಕಡೆಯಿಂದ ಬಣ್ಣಾನೂ ಇರಲಿ.”

ಅಲಕಾ ಮೇಡಂ ಜೀಪಿನಲ್ಲಿ ಬಂದರು. ಎಲ್ಲರನ್ನೂ ಮುಂದಿನ ಅಂಗಳಕ್ಕೆ ಕಳಿಸಿ ಒಬ್ಬರೇ ಗೋಡೆಯ ತುದಿಗೆ ಕುಳಿತರು. ಎದ್ದು ಬಂದಾಗ ಕನ್ನಡಕ ತೆಗೆದು ಒರೆಸುತ್ತಿದ್ದರು. ಏನು ಕೇಳಿಸಿತೆಂದು ಯಾರಿಗೂ ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ಪರವಾನಗಿ ಮಾತ್ರ ಆ ವಾರವೇ ಬಂತು.

ಮಿರಗದ ಮೊದಲ ಹನಿ ಬೀಳುವ ಹೊತ್ತಿಗೆ ಶಾನವಾಜ ಭಾಯಿಯ ಕೊನೆಯ ಬೋಲ್ಟು ಬಿಗಿಯಾಗಿತ್ತು. ನಾಲ್ಕನೇ ತರಗತಿ ಉಳಿಯಿತು! ಹಳದಿ ಬಣ್ಣದ ಚಾವಣಿಯ ಕೆಳಗೆ ಮಕ್ಕಳು ಕುಣಿದು ಕುಪ್ಪಳಿಸಿ ಊಟಕ್ಕೆ ಓಡಿದರು.

ಉಳಿದವರು ಇಬ್ಬರೇ. ಮಟಮಟ ಮಧ್ಯಾಹ್ನ. ಚಾವಣಿಯ ಮೇಲೆ ಮಳೆ.

ಮಾರ್ತಾಂಡನ ಮುಖದಲ್ಲಿ ಅಳುಕಿತ್ತು. “ಮ್ಯಾಲೆ ತಗಡು ಬಂತಲ್ರಿ. ದನಿ ದಾಟತೈತೋ ಇಲ್ಲೋ...”

“ನೋಡೂಣು,” ಎಂದಳು ತನ್ಮಯಿ. ಅವನು ಬಲ ತುದಿಗೆ ಹೋದ. ಅವಳು ಎಡಕ್ಕೆ. ಮರ ನಡುವೆ ಬಂತು. ಅವಳು ಗೋಡೆಗೆ ಕಿವಿ ಹಚ್ಚಿ ಕಾದಳು.

ಬರೀ ಮಳೆಯ ಸದ್ದು. ಹೋಯಿತೇ? ಎಲ್ಲಾ ಮಾಡಿಯೂ ಕಳೆದುಕೊಂಡೆವೇ?

“ತನ್ಮಯಿ...”

ಬಂತು! ಅಕ್ಕೋರ ಅಲ್ಲ, ಬರೀ ತನ್ಮಯಿ! ಅವಳ ಕೆನ್ನೆ ಬಿಸಿಯಾಯಿತು.

“ಕೇಳಸ್ಲಿಲ್ರಿ. ಇನ್ನೊಮ್ಮೆ ಅನ್ರಿ.”

“ಸುಳ್ಳು! ಕೇಳಿಸೈತಿ.”

ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ, ದಿನವೂ ಕರೆಯುವ ಹಾಗೆ ಕರೆದಳು. “ಲಕ್ಷ್ಮೀ.”

ಮಳೆ ಒಮ್ಮೆಲೇ ಸಣ್ಣಗಾಯಿತು. ಹುಣಸೆಯ ತಂಪಿನಲ್ಲಿ ಗೋಡೆಯ ಮೇಲೆ ಉಸಿರೊಂದು ಹರಿಯಿತು. ಅದು ಅವಳದಲ್ಲ, ಅವನದೂ ಅಲ್ಲ.

“ಹದಿನೇಳಾರ್ಲೆ...”

ತನ್ಮಯಿ ಕಣ್ಣು ಮುಚ್ಚಿದಳು. ಈ ಸಲ ಓಡಲಿಲ್ಲ. ‘ಹೇಳ್ರೀ... ಇವತ್ತಾದರೂ ಹೇಳ್ರೀ...’

ಆ ತುದಿಯಿಂದ ಒಡೆದ ದನಿಯೊಂದು ಬಂತು. “ನೂರಾ... ಎರಡು. ನೂರಾ ಎರಡು, ಲಕ್ಷ್ಮೀ!”

ಪುಟ್ಟದೊಂದು ನಗು. ಕೈ ಬಾಯಿಗೆ ಅಡ್ಡ ಹಿಡಿದು ನಕ್ಕ ನಗು. ಅದು ಗೋಡೆಯುದ್ದಕ್ಕೂ ಓಡಿಹೋಗಿ ಮಳೆಯಲ್ಲಿ ಕರಗಿತು. ಎಡ ತುದಿಯ ಖಾಲಿ ಜಾಗದ ಮೇಲೆ ಹುಣಸೆಯ ಎಲೆಯೊಂದು ಬಂದು ಕುಳಿತಿತು.

ಅದನ್ನು ಮುಟ್ಟದೆ ತನ್ಮಯಿ ಮತ್ತೆ ಗೋಡೆಗೆ ಕಿವಿ ಹಚ್ಚಿದಳು.

“ಅಂಜಿಕಿ ಬಂತೇನು?” ಅವನು ಪಿಸುಗುಟ್ಟಿದ.

“ಇಲ್ರಿ. ಆದ್ರ ನೀವು ಈ ಬಾಜು ಬರ್ರಿ.”

“ಯಾಕ? ಇಲ್ಲಿಂದನ ಹೇಳತೀನಲ್ಲಾ...”

“ಗ್ವಾಡಿಗೆ ಹೇಳಿದ್ದು ಸಾಕು. ನನಗ ಹೇಳೂದಿದ್ರ ಎದುರಿಗೆ ನಿಂತು ಹೇಳ್ರಿ.”

ಹೆಜ್ಜೆಯ ಸದ್ದು ಹೊರಟಿತು, ನಡುವೆ ಅಳುಕಿ ನಿಂತಿತು, ಮತ್ತೆ ಹೊರಟಿತು. ಮರವನ್ನು ಬಳಸಿ ಮಾರ್ತಾಂಡ ಬಂದ. ಅವಳ ಎದುರು ನಿಂತ. ಕಣ್ಣು ಮೊದಲ ದಿನದ ಹಾಗೇ ಒದ್ದೆ, ಆದರೆ ಈ ಸಲ ಅವನು ಅದನ್ನು ಮುಚ್ಚಿಡಲಿಲ್ಲ.

“ತನ್ಮಯಿ... ನನಗ ಮಾತು ಬರೂದು ತಡಾ. ಆದ್ರ ನೀ ಇಲ್ಲದ ನನಗಾಗೂದಿಲ್ಲ. ದಿನಾ ಕರೀತೀನಿ. ಜೀವ ಇರೂತನಕ ಕರೀತೀನಿ. ನನ್ನ ಕೂಡ ಇರತೀಯೇನು?”

ತನ್ಮಯಿ ಅವನ ತಣ್ಣನೆಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು.

“ಅದೀನ್ರಿ,” ಎಂದಳು.